ಹೊಲಿಗೆ ಹಾಕಿದ ಜಾಗದ ಗಂಟು

ನಮ್ಮತ್ತಿಗೆ ದರ್ಜಿ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿದರೆ ಸಾಕು, ಎಲ್ಲಿ ಎಳೆ ಸಡಿಲ ಅಂತ ಹೇಳಿಬಿಡುವವರು. ಆ ಬೆರಳೇ ಅವರಿಗೆ ಮೋಸ ಮಾಡಿತು ನೋಡಿ.

ಕೆಲವು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಮೊಲೆ ಉಳಿಸಿ, ಗಡ್ಡೆ ಮಾತ್ರ ತೆಗೆದಿದ್ದರು. ಈಗ ಆ ಗಾಯದ ಪಕ್ಕ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಬಾಯಿ ಬಿಡದೆ ಮಿಷನ್ ತುಳಿಯುತ್ತಾ ಕೂತರು. ಸಮವಸ್ತ್ರ ಬಿಗಿ ಮಾಡಿಸಲು ಬಂದ ನಮ್ಮ ಬೀದಿಯ ನರ್ಸಮ್ಮ, ಅವರ ಕೈ ಮತ್ತೆ ಮತ್ತೆ ಎದೆಗೆ ಹೋಗುವುದನ್ನು ಕಂಡಳು.

"ಅಲ್ಲೇನಕ್ಕಾ?"

"ಏನಿಲ್ಲ ಕಣೇ. ತೇಪೆ ಹಾಕಿದ ಜಾಗ ದಪ್ಪ ಇರುತ್ತೆ. ಹೊಲಿಗೆಯೋಳಿಗೇ ಹೇಳ್ಕೊಡ್ತೀಯಾ?"

"ತೇಪೆ ಬೆಳೆಯಲ್ಲ ಅಕ್ಕಾ. ಇದು ಮೊದಲಿತ್ತಾ?"

ಮಿಷನ್ ನಿಂತಿತು. "ಮ್ಯಾಮೋಗ್ರಾಂನಲ್ಲಿ ಏನೂ ಇಲ್ಲ ಅಂದಿದ್ರಲ್ಲ..."

"ಅದು ಹೋದ ವರ್ಷದ್ದು. ಗಂಟು ಈಗಿನದು."

ಅಲ್ಲೇ ಕೂತಿದ್ದ ನಾನು ಬಾಯಿ ಹಾಕಿದೆ. "ಹಂಗಾದ್ರೆ ಇಡೀ ಮೈಗೇ ದೊಡ್ಡ ಸ್ಕ್ಯಾನ್ ಮಾಡಿಸಿಬಿಡೋಣ!"

"ಸುಮ್ನಿರಿ ಮಾವಾ, ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ? ಇಡೀ ಮೈ ಸ್ಕ್ಯಾನ್ ಏನಿದ್ರೂ ರೋಗ ಬೇರೆ ಕಡೆ ಹಬ್ಬಿರೋ ಅನುಮಾನ ಬಂದಾಗ. ಅಕ್ಕಾ, ಮ್ಯಾಮೋಗ್ರಾಂ ಅಂದ್ರೆ ಮೊಲೆಯ ಎಕ್ಸ್‌ರೇ, ಬಟ್ಟೇನ ಬೆಳಕಿಗೆ ಹಿಡಿದ ಹಾಗೆ. ಸಣ್ಣ ಚುಕ್ಕೀನೂ ಕಾಣುತ್ತೆ, ಆದ್ರೆ ಹಳೇ ಗಾಯದ ನೆರಳು ಅಡ್ಡ ಬರಬಹುದು. ಗಂಟೊಳಗೆ ನೀರೋ ಗಟ್ಟಿಯೋ ಅಂತ ಅಲ್ಟ್ರಾಸೌಂಡ್ ಹೇಳುತ್ತೆ. ಆಮೇಲೂ ಅನುಮಾನ ಇದ್ರೆ ಎಂಆರ್‌ಐ. ನರಕ್ಕೆ ಔಷಧಿ ಬಿಟ್ಟು ಚಿತ್ರ ತೆಗೀತಾರೆ, ಹಳೇ ಗಾಯ ಯಾವ್ದು, ಹೊಸ ಗಡ್ಡೆ ಯಾವ್ದು ಅಂತ ಚೆನ್ನಾಗಿ ತಿಳಿಯುತ್ತೆ. ಒಮ್ಮೊಮ್ಮೆ ಅದೂ ಹಗ್ಗಾನ ಹಾವು ಅನ್ನುತ್ತೆ. ಅದಕ್ಕೇ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡ್ತಾರೆ. ಕೊನೇ ಮಾತು ಸೂಜೀದು."

ಅತ್ತಿಗೆ ಕತ್ತರಿ ಕೈಗೆತ್ತಿಕೊಂಡರು. "ಮತ್ತೆ ಆ ಹೆಸರು ಕೇಳೋ ಧೈರ್ಯ ಇಲ್ಲ ಕಣೇ." ಆಮೇಲೆ ಕತ್ತರಿ ಕೆಳಗಿಟ್ಟರು. "ಆಗ್ಲಿ. ಸೂಜಿ ಮಾತಾದ್ರೆ ಕೇಳ್ತೀನಿ."

ಆಸ್ಪತ್ರೆಗೆ ಹೋದೆವು. ಮ್ಯಾಮೋಗ್ರಾಂನಲ್ಲಿ ಮಸುಕು. ಅಲ್ಟ್ರಾಸೌಂಡ್‌ನಲ್ಲಿ ಗಟ್ಟಿ. ಎಂಆರ್‌ಐನಲ್ಲಿ ಹೊಸದು. ಸೂಜಿ ಹೌದೆಂದಿತು. ರೋಗ ಮರಳಿ ಬಂದಿತ್ತು, ಕಡಲೆಕಾಳಿನಷ್ಟು. ಬೇರೆಲ್ಲೂ ಹಬ್ಬಿರಲಿಲ್ಲ.

ಈ ಸಲ ಮೊಲೆ ಉಳಿಯಲಿಲ್ಲ. ಅತ್ತಿಗೆ ಉಳಿದರು. ಈಗ ತಮ್ಮ ರವಿಕೆಯನ್ನು ತಾವೇ ಹೊಸ ಅಳತೆಗೆ ಹೊಲಿದುಕೊಂಡಿದ್ದಾರೆ.

ತಾಯಂದಿರೇ, ಒಮ್ಮೆ ಈ ರೋಗ ಗೆದ್ದವರೇ, ವರ್ಷದ ತಪಾಸಣೆ ತಪ್ಪಿಸಬೇಡಿ. ನಡುವೆ ಹೊಸದೇನಾದರೂ ಕೈಗೆ ಸಿಕ್ಕರೆ ಅದಕ್ಕೆ ನೀವೇ ಹೆಸರಿಡಬೇಡಿ, ಮುಂದಿನ ವರ್ಷಕ್ಕೆ ಕಾಯಬೇಡಿ. ಯಾವ ಸ್ಕ್ಯಾನ್ ಎಂಬುದು ಡಾಕ್ಟರಿಗಿರಲಿ, ಹೋಗುವುದು ನಿಮ್ಮದು. ಗಂಡಸರೇ, ಮೊಲೆ ಎಂಬ ಮಾತಿಗೆ ಮುಖ ಆಚೆ ತಿರುಗಿಸಬೇಡಿ. ಎದ್ದು ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ನಡೆಯಿರಿ.