ಗೋವಿನಕೋವಿ ರಸ್ತೆಯ ಅಭ್ಯಾಸ

ಆಲ್ಪ್ಸ್ ಪರ್ವತದ ರಸ್ತೆಗಳಲ್ಲಿ ತಾವೇ ಕಾರು ಓಡಿಸುವುದಾಗಿ ನನ್ನ ಗಂಡ ಪ್ರಸನ್ನಕುಮಾರ್ ಹೊರಟಾಗ ಹೊನ್ನಾಳಿಯಲ್ಲಿ ನಗದವರು ಕಡಿಮೆ. ನಾನು ನಗಲಿಲ್ಲ. ನನಗೆ ನಗು ಬರುವಂಥದ್ದೇನೂ ಅದರಲ್ಲಿ ಇರಲಿಲ್ಲ.

ಇವರು ಟೆಂಪೋ ಟ್ರಾವೆಲರ್ ಇಟ್ಟುಕೊಂಡು ಸುತ್ತಮುತ್ತಲಿನ ಜನರನ್ನೆಲ್ಲ ಧರ್ಮಸ್ಥಳ, ಹೊರನಾಡು, ಪಂಢರಪುರ ಎಂದು ಸುತ್ತಿಸಿದವರು. ಘಾಟಿಯ ತಿರುವಿನಲ್ಲಿ ಹಿಂದೆ ಕೂತ ಹೆಂಗಸರು ಕಣ್ಣು ಮುಚ್ಚಿ ಮನೆದೇವರನ್ನು ಕರೆಯುತ್ತಿದ್ದರೆ ಇವರು ಒಂದು ಕೈಯಲ್ಲಿ ಶೇಂಗಾ ತಿನ್ನುತ್ತ ಗಾಡಿ ಇಳಿಸುತ್ತಿದ್ದರಂತೆ. ಅಂಥವರಿಗೆ ಹೋದ ಬೇಸಿಗೆಯಲ್ಲಿ ಮೆದುಳಿನ ಸಣ್ಣದೊಂದು ರಕ್ತನಾಳ ಕಟ್ಟಿಕೊಂಡಿತು. ಕೈಕಾಲಿಗೆ ಏನೂ ಆಗಲಿಲ್ಲ, ಮಾತೂ ಹೋಗಲಿಲ್ಲ. ದೇವರು ದೊಡ್ಡವನು ಎಂದು ನೋಡಲು ಬಂದವರೆಲ್ಲ ಹೇಳಿ, ಚಹಾ ಕುಡಿದು ಹೋದರು.

ಹೋದದ್ದು ಏನೆಂದು ನನಗೆ ತಿಳಿದದ್ದು ಊಟದ ತಟ್ಟೆಯಿಂದ. ಬಲಗಡೆ ಬಡಿಸಿದ್ದ ಅನ್ನ, ಸಾರು ಮುಗಿಸಿದರು. ಎಡಗಡೆಯ ರೊಟ್ಟಿ, ಪಲ್ಯ ಇಟ್ಟ ಹಾಗೇ ಇದ್ದವು. ಇವತ್ತು ರೊಟ್ಟಿ ಮಾಡಲಿಲ್ಲವೇ ಎಂದು ನನ್ನನ್ನೇ ಕೇಳಿದರು. ನಾನು ತಟ್ಟೆ ತಿರುಗಿಸಿಟ್ಟೆ. ಆಗ ರೊಟ್ಟಿ ತಿಂದರು. ದಾವಣಗೆರೆಯ ಡಾಕ್ಟರು ಬಿಡಿಸಿ ಹೇಳಿದರು: ಕಣ್ಣುಗಳು ಚೆನ್ನಾಗಿವೆ, ಎಡಗಡೆ ಇರುವುದನ್ನು ಮೆದುಳು ಗಮನಕ್ಕೆ ತೆಗೆದುಕೊಳ್ಳುತ್ತಿಲ್ಲ. ಕೆಲವರಿಗೆ ಸರಿಹೋಗುತ್ತದೆ, ಕೆಲವರಿಗೆ ಇಲ್ಲ. ಮತ್ತೊಮ್ಮೆ ಪರೀಕ್ಷೆ ಮಾಡುವವರೆಗೆ ಗಾಡಿ ಮುಟ್ಟಬೇಡಿ. ಆ ಪರೀಕ್ಷೆಗೆ ಇವರು ಹೋಗಲೇ ಇಲ್ಲ.

ಟ್ರಾವೆಲರ್ ಅನ್ನು ತಮ್ಮ ಹಳೇ ಡ್ರೈವರ್ ಭೀಮೇಶನಿಗೆ ಮಾರಿದರು. ಅವನು ಜಗಳೂರು ಕಡೆಯವನು, ಈಗ ನ್ಯಾಮತಿಯಲ್ಲಿ ಮನೆ ಮಾಡಿಕೊಂಡಿದ್ದಾನೆ. ಗಾಡಿ ಹೋದ ದಿನದಿಂದ ಇವರು ಮಂಚ ಹಿಡಿದರು. ಸ್ನಾನ ಮಾಡಿ ಎಂದು ನಾನು ಬೈಯಬೇಕು, ಉಣ್ಣಿ ಎಂದು ಬೈಯಬೇಕು. ಒಂದು ದಿನ, ತಾವು ಇನ್ನೂ ಇದ್ದು ಏನು ಮಾಡುವುದಿದೆ ಎಂದು ಕೇಳಿದರು. ಅವತ್ತೇ ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿಯನ್ನು ಪಕ್ಕದ ಮನೆಯ ಅಟ್ಟದಲ್ಲಿಟ್ಟು ಬಂದೆ.

ನಮ್ಮ ಮಗಳು ಅನಿತಾಳನ್ನು ಕೊಟ್ಟಿರುವುದು ಚನ್ನಗಿರಿಗೆ. ಅಪ್ಪನಿಗೆ ಹೊತ್ತು ಹೋಗಲಿ ಎಂದು ಅವಳು ಬಂದಾಗ ಫೋನಿನಲ್ಲಿ ಏನೋ ಹಾಕಿಕೊಟ್ಟಳು. ಯಾರೋ ಕಾರಿನ ಮುಂದೆ ಕ್ಯಾಮೆರಾ ಕಟ್ಟಿಕೊಂಡು ಬೆಟ್ಟ ಹತ್ತುವ ವಿಡಿಯೋ ಅದು. ಮಾತಿಲ್ಲ, ಹಾಡಿಲ್ಲ. ಒಂದು ಕಡೆ ಹಿಮದ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ನಡುವೆ ಮಡಚಿಟ್ಟ ಹಗ್ಗದಂಥ ರಸ್ತೆ. ಇವರು ಎದ್ದು ಕೂತು ನೋಡಿದರು. ಮರುದಿನ ನಾನು ಹೇಳದೆಯೇ ಗಡ್ಡ ಬೋಳಿಸಿದರು. ಎಡಗೆನ್ನೆ ಹಾಗೇ ಉಳಿದಿತ್ತು, ಅದನ್ನು ನಾನು ಬೋಳಿಸಿದೆ.

ಆಮೇಲೆ ಮನೆಯ ತುಂಬ ಅದೇ ಸುದ್ದಿ. ಇಟಲಿಯ ಸ್ಟೆಲ್ವಿಯೊ ಘಾಟಿ, ಆಸ್ಟ್ರಿಯಾದ ಇನ್ನೊಂದು, ಅದರ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ. ಚಳಿಗಾಲವಿಡೀ ಅವು ಹಿಮದಿಂದ ಮುಚ್ಚಿರುತ್ತವೆ, ಆದ್ದರಿಂದ ಜೂನ್ ತಿಂಗಳೇ ಸರಿ ಎಂದು ಗೊತ್ತುಮಾಡಿದರು. ತೀರ್ಥಯಾತ್ರೆಗೆ ಹಾಕುವ ಹಾಗೆಯೇ ಯೋಜನೆ ಹಾಕಿದರು. ಬೆಳಗಿನ ತಿಂಡಿ ಎಲ್ಲಿ, ಹೆಂಗಸರು ಶೌಚಕ್ಕೆ ಇಳಿಯುವುದು ಎಲ್ಲಿ, ಕತ್ತಲಾಗುವುದರೊಳಗೆ ಯಾವ ಊರು. ನನಗೆ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿಯ ಜವಾಬ್ದಾರಿ. ಬಾಡಿಗೆ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡಲು ಅಲ್ಲಿಯವರು ಬಿಡುತ್ತಾರೋ ಇಲ್ಲವೋ ಎಂದು ಭೀಮೇಶನ ಜೊತೆ ದಿನವಿಡೀ ಚರ್ಚೆ. ಅನಿತಾಳಿಗೆ ಅಪ್ಪ ಎದ್ದು ಓಡಾಡುತ್ತಿದ್ದುದೇ ಹಬ್ಬ. ಹೊರದೇಶದ ಲೈಸೆನ್ಸಿಗೆ ಬೇಕಾದ ಸರ್ಟಿಫಿಕೇಟನ್ನು ಯಾವುದೋ ಡಾಕ್ಟರು ಇವರ ಮುಖ ನೋಡಿಯೇ ಬರೆದುಕೊಟ್ಟಿದ್ದರು. ನನಗೆ ಉರಿದುಹೋಯಿತು. ಎಡಗಡೆ ಕಾಣದೆ ಅಲ್ಲಿ ಹೇಗೆ ಓಡಿಸುತ್ತೀರಿ ಎಂದು ನೇರವಾಗಿಯೇ ಕೇಳಿದೆ.

"ಅದಕ್ಕೇ ಕಣೆ ಅಲ್ಲಿಗೆ ಹೋಗಾಕೆ ಹೊರಟಿರೋದು" ಎಂದರು. "ನಮ್ಮಲ್ಲಿ ಡ್ರೈವರ್ ಬಲಕ್ಕೆ ಕೂರ್ತಾನೆ. ಎಡಕ್ಕೆ ಅರ್ಧ ಗಾಡಿ, ಅದರಾಚೆ ಸೈಕಲ್ಲು, ದನ, ಜನ. ಅಲ್ಲಿ ಡ್ರೈವರ್ ಕೂರೋದೇ ಎಡಕ್ಕೆ. ನನ್ನ ಎಡಕ್ಕೆ ಬರೀ ಬಾಗಿಲು. ಬಾಗಿಲು ಕಂಡು ಏನಾಗಬೇಕೈತೆ? ಗಾಡಿ ಪೂರ್ತಿ ನನ್ನ ಬಲಕ್ಕೆ, ನಂಗೆ ಕಾಣೋ ಕಡೆ."

ಹೇಳುವಾಗ ಅವರ ಮುಖದಲ್ಲಿ ಮೊದಲಿನ ಕಳೆ ಇತ್ತು. ಎಲ್ಲೋ ತಪ್ಪಿದೆ ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಹುಡುಕುವ ಮನಸ್ಸೂ ಇರಲಿಲ್ಲ. ಆಲ್ಪ್ಸ್ ತಪ್ಪಿದರೆ ಮತ್ತೆ ಅದೇ ಮಂಚ, ಅದೇ ಮಾತು. ಹೋದರೆ ಪ್ರಪಾತ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳಲಿ ಎಂದು ದೇವರ ಮನೆಯಲ್ಲಿ ಕೂತು ಅತ್ತೆ.

ನವೆಂಬರಿನಲ್ಲಿ ಮನೆಯ ಹಳೇ ಕಾರನ್ನು ಹೊರತೆಗೆದು ಅಭ್ಯಾಸಕ್ಕೆ ಹೊರಟರು. ಕೀಲಿ ಬಚ್ಚಿಟ್ಟೆ, ಜಗಳವಾಡಿದೆ, ಎರಡು ದಿನ ಮಾತು ಬಿಟ್ಟೆ. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ನಾನೇ ಪಕ್ಕದ ಸೀಟಿನಲ್ಲಿ ಕೂತೆ. ಎಡಕ್ಕೆ ಸೈಕಲ್, ಎಡಕ್ಕೆ ಎಮ್ಮೆ ಎಂದು ಹೇಳುತ್ತ ಹೋದೆ. ಹೊಳೆಯ ಸೇತುವೆಯನ್ನು ಕಾರು ಹಾಗೂ ಹೀಗೂ ದಾಟಿತು.

ಅದು ಮೆಕ್ಕೆಜೋಳ ಒಣಗಿಸುವ ಕಾಲ. ನಮ್ಮ ಕಡೆ ಆಗ ಅರ್ಧ ರಸ್ತೆ ಗಾಡಿಗೆ, ಅರ್ಧ ಜೋಳಕ್ಕೆ. ಗೋವಿನಕೋವಿಯ ಹತ್ತಿರ ರಸ್ತೆಯ ಎಡ ಅರ್ಧದ ತುಂಬ ಜೋಳ ಹರಡಿದ್ದರು. ನಾನು ಅದನ್ನು ಹೇಳಿದ್ದೇ ತಡ, ಇವರಿಗೆ ಹಿಗ್ಗೋ ಹಿಗ್ಗು. ಬಲಕ್ಕೇ ಹೋಗಬೇಕಲ್ಲ, ಇದೇ ಯುರೋಪು ಎಂದರು. ಅಲ್ಲಿ ನೀನು ನನ್ನ ಬಲಕ್ಕೆ ಕೂತಿರುತ್ತೀಯ, ಎಡಗಡೆಯದನ್ನು ಹೇಳಲು ನಿನ್ನಿಂದಲೂ ಆಗುವುದಿಲ್ಲ, ಇವತ್ತು ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿ ಎಂದರು. ಕೂತೆ. ಎದುರಿಗೆ ಒಂದು ಗಾಡಿಯೂ ಇರಲಿಲ್ಲ.

ಸ್ವಲ್ಪ ದೂರ ನೆಟ್ಟಗೆ ಹೋಯಿತು. ಆಮೇಲೆ ಕಾರು ನಿಧಾನವಾಗಿ ಎಡಕ್ಕೆ ಸರಿಯತೊಡಗಿತು. ಚಕ್ರದಡಿ ಜೋಳ ಚಟಚಟ ಎಂದಿತು. ಇವರು ಶೇಂಗಾ ತಿನ್ನುವ ಕಾಲದ ನೆಮ್ಮದಿಯಲ್ಲಿ ಮುಂದೆ ನೋಡುತ್ತಿದ್ದರು. ಜೋಳದ ನಡುವೆ ಒಬ್ಬ ಅಜ್ಜಿ ನಮಗೆ ಬೆನ್ನು ಹಾಕಿ ಕಾಲಿನಿಂದ ಕಾಳು ತಿರುವುತ್ತಿದ್ದಳು. ಈಗ ನೋಡುತ್ತಾರೆ, ಈಗ ನೋಡುತ್ತಾರೆ ಎಂದುಕೊಂಡೆ. ನೋಡಲಿಲ್ಲ. ನಾನು ಸ್ಟೀರಿಂಗ್‌ಗೆ ಕೈ ಹಾಕಿ ಬಲಕ್ಕೆ ಎಳೆದೆ.

ಕಾರು ಬಲಗಡೆಯ ಬೇಲಿಗೆ ಮೂತಿ ತಾಗಿಸಿ ನಿಂತಿತು. ಇವರಿಗೆ ನನ್ನ ಮೇಲೆ ಸಿಟ್ಟು, ಸುಮ್ಮನೆ ಹೋಗುತ್ತಿದ್ದ ಗಾಡಿಯನ್ನು ಯಾಕೆ ಎಳೆದೆ ಎಂದು. ಅಲ್ಲಿ ಒಬ್ಬರು ಇದ್ದಾರೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅಜ್ಜಿ ಬೆಚ್ಚಿ ಜೋಳದ ಮೇಲೆ ಕುಸಿದು ಕೂತಿದ್ದಳು. ಪೆಟ್ಟಾಗಿರಲಿಲ್ಲ. ಎದ್ದು ಬಂದು, ಕಣ್ಣು ಏನಾಗಿವೆ ಎಂದು ಶುರುಮಾಡಿ ಇವರ ಏಳು ತಲೆಮಾರನ್ನೂ ಬಿಡದೆ ಬೈದಳು. ಇವರು ದನಿ ಬಂದ ಕಡೆ ಮುಖ ತಿರುಗಿಸಿದಾಗಲೇ ಅವಳು ಕಂಡದ್ದು. ತಪ್ಪಾಯಿತು ತಾಯಿ ಎಂದು ಕೈ ಮುಗಿದರು.

ಬೈಸಿಕೊಂಡು ಹೋಗುವ ಜಾತಿಯಲ್ಲ ಇವರು. ಅವಳ ಕೈಯಿಂದ ಪೊರಕೆ ತೆಗೆದುಕೊಂಡು, ಚಕ್ರದಿಂದ ಚೆಲ್ಲಾಪಿಲ್ಲಿಯಾಗಿದ್ದ ಕಾಳನ್ನು ಗುಡಿಸಿ ಒಟ್ಟುಮಾಡಿದರು. ಬೆವರೊರೆಸಿಕೊಂಡು, ಆಯಿತಲ್ಲ ತಾಯಿ, ಒಂದು ಕಾಳೂ ಬಿಟ್ಟಿಲ್ಲ ಎಂದರು. ಬಲಗಡೆ ಗುಪ್ಪೆ ಅಚ್ಚುಕಟ್ಟಾಗಿತ್ತು. ಎಡಗಡೆಯ ಕಾಳು ಚೆಲ್ಲಿದಲ್ಲೇ ಬಿದ್ದಿತ್ತು. ಅಜ್ಜಿ ಅದನ್ನು ನೋಡಿದಳು, ಇವರ ಮುಖ ನೋಡಿದಳು, ನನ್ನನ್ನು ನೋಡಿದಳು. ಅವಳ ಬೈಗುಳ ನಿಂತಿತು. ಇರಲಿ ಬಿಡಿ ಯಜಮಾನರೇ ಎಂದು ಪೊರಕೆಯನ್ನು ಮೆಲ್ಲಗೆ ಇಸಿದುಕೊಂಡಳು. ಅವಳು ಬೈಯುತ್ತಲೇ ಇದ್ದಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಕಾರಿನಲ್ಲಿ ಕೂತು ಕೀಲಿ ತಿರುಗಿಸುವಾಗ, ಅಲ್ಲಿ ರಸ್ತೆಯ ಮೇಲೆ ಹೀಗೆ ಜೋಳ ಹರಡುವವರು ಇರುವುದಿಲ್ಲ ಎಂದರು. ಆಗ ನನಗೆ ಹೊಳೆಯಿತು. ಜೋಳ ಇದ್ದ ಜಾಗದಲ್ಲಿ ಅಲ್ಲಿ ಏನಿರುತ್ತದೆ ಎಂದು. ನಾನು ಅವರ ಕೈ ಹಿಡಿದೆ.

"ರೀ, ಅಲ್ಲಿ ಎಲ್ರೂ ಬಲಕ್ಕೆ ಹೋಗ್ತಾರೆ ಅಲ್ವ್ರಾ. ಹಂಗಾದ್ರೆ ಎದುರಿನ ಗಾಡಿ ಯಾವ ಕಡೆಯಿಂದ ಬರ್ತೈತೆ ಹೇಳ್ರಿ."

ಅವರು ಬಲಗೈಯನ್ನು ಮುಂದಕ್ಕೆ ಚಾಚಿ ತಮ್ಮ ಕಾರು ಹೋಗುವ ದಾರಿ ಮಾಡಿದರು. ಎದುರಿನಿಂದ ಬರುವ ಗಾಡಿಗೆ ಎಡಗೈ ಎತ್ತಿದರು. ಎತ್ತಿದ ಆ ಕೈಯನ್ನು ನೋಡಲು ಕತ್ತನ್ನು ಪೂರ್ತಿ ತಿರುಗಿಸಬೇಕಾಯಿತು. ಬಹಳ ಹೊತ್ತು ಅದನ್ನೇ ನೋಡಿದರು. ಇಷ್ಟು ವರ್ಷ ಗಾಡಿ ಓಡಿಸಿದವರಿಗೆ ಇದು ತಿಳಿಯದೆ ಹೋದದ್ದಲ್ಲ, ತಿಳಿಯುವುದು ಬೇಕಿರಲಿಲ್ಲ.

"ಅನ್ನಪೂರ್ಣ, ಎಡಗಡೆಯಿಂದ ಯಾರೂ ಬರದೇ ಇರೋ ರಸ್ತೆ ಎಲ್ಲೂ ಇಲ್ಲೇನು?"

ಮಕ್ಕಳು ಕೇಳುವ ಹಾಗೆ ಕೇಳಿದರು. ಎಲ್ಲದಕ್ಕೂ ಬಾಯಿ ಮುಂದೆ ಮಾಡುವವಳು ನಾನು. ಇದೆ, ಹುಡುಕೋಣ ಎಂದು ಒಂದು ಸುಳ್ಳು ಹೇಳಿದ್ದರೆ ಅವತ್ತಿನ ಮಟ್ಟಿಗೆ ಬದುಕಿಕೊಳ್ಳುತ್ತಿದ್ದರು.

"ಇಲ್ಲ ರೀ" ಎಂದೆ.

ಎಂಜಿನ್ ಆರಿಸಿದರು. ಕೆಳಗಿಳಿದು ಹಿಂದಿನ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತರು. ನಾನು ಭೀಮೇಶನಿಗೆ ಫೋನು ಮಾಡಿದೆ. ಅವನು ನ್ಯಾಮತಿಯಿಂದ ಹೊರಟು ಬಂದ. ಗಾಡಿ ಕೆಟ್ಟಿದೆ ಎಂದುಕೊಂಡು ಅವನು ಸ್ಪ್ಯಾನರ್ ಚೀಲ ಹಿಡಿದು ಬೈಕಿನಿಂದ ಇಳಿದ. ಬಾನೆಟ್ ಎತ್ತಲು ಹೋಗುತ್ತ, ಗಾಡಿಗೆ ಏನಾಗಿದೆ ಅಣ್ಣ ಎಂದು ಕೇಳಿದ.

ಇವರು ತಲೆ ಎತ್ತದೆ ಹೇಳಿದರು.

"ಗಾಡಿಗೇನಾಗಿಲ್ಲ ಭೀಮೇಶ. ಚೆನ್ನಾಗೈತೆ. ಡ್ರೈವರ್ ಇಲ್ಲ."