ಪಾರ್ಕಿಂಗಿನಲ್ಲಿ ಮಲಗಿದ ಮಂದೆ

ಏಪ್ರಿಲ್ ತಿಂಗಳ ಬಿಸಿಲಿಗೆ ವಸಂತಪುರದ ಖಾಲಿ ಸೈಟುಗಳ ಮೇಲೆ ಗಾಳಿ ನೀರಿನ ಹಾಗೆ ನಡುಗುತ್ತಿತ್ತು. ಜಯಾ ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ತೆಗೆದಾಗ, ದೂರದಲ್ಲಿ ಮೇಯುತ್ತಿದ್ದ ಕುರಿಗಳು ನೆಲದಿಂದ ಗೇಣುದ್ದ ಮೇಲೆ ತೇಲುತ್ತಿವೆ ಅನ್ನಿಸಿತು. ಕಣ್ಣುಜ್ಜಿಕೊಂಡಳು. ಬಿಟಿಎಂ ಬಡಾವಣೆಯಲ್ಲಿ ಅವಳು ಬಾಡಿಗೆಗಿದ್ದ, ಟೆರೇಸಿನ ಮೇಲಿನ ಶೀಟಿನ ಕೋಣೆ ಒಲೆಯ ಹಾಗೆ ಕಾಯುತ್ತಿತ್ತು. ಸರಿಯಾಗಿ ನಿದ್ದೆ ಮಾಡಿ ಎಷ್ಟೋ ದಿನವಾಗಿ, ಎಚ್ಚರಕ್ಕೂ ಕನಸಿಗೂ ನಡುವಿನ ಗೆರೆಯೇ ಮಸುಕಾಗಿಬಿಟ್ಟಿತ್ತು.

ಜಯಾ ಕುಷ್ಟಗಿ ಕಡೆಯವಳು. ಪಶುವೈದ್ಯಕೀಯ ಓದಿ, ಜೆ.ಪಿ. ನಗರದಲ್ಲಿದ್ದ ಸಣ್ಣ ಪಶು ಆಹಾರ ಕಂಪನಿಯೊಂದಕ್ಕೆ ಸೇರಿದ್ದಳು. ಸೆಕೆಗೆ ಬಳಲುವ ಕುರಿಗಳಿಗೆಂದು ಕಂಪನಿ ಹೊಸದೊಂದು ಪುಡಿ ಮಾಡಿತ್ತು. ಅದರಲ್ಲಿ ಖನಿಜಗಳು, ಉಪ್ಪು, ಅಡುಗೆ ಸೋಡಾ, ಒಂದಿಷ್ಟು ವಿಟಮಿನ್ ಇ. ಅದನ್ನು ತಿನ್ನಿಸಿ ನೋಡುವುದಕ್ಕೆ ಚಿನ್ನಪ್ಪ ತನ್ನ ಮಂದೆಯನ್ನು ಕೊಟ್ಟಿದ್ದ. ಆ ಜಾಗ ಲೇಔಟ್ ಆಗುವ ಮೊದಲಿನಿಂದಲೂ ಅಲ್ಲಿ ಕುರಿ ಕಾಯುತ್ತಿದ್ದವನು ಅವನು. ಈಗ ಇನ್ನೂ ಮನೆ ಏಳದ ಸೈಟುಗಳಲ್ಲಿ ಹುಲ್ಲು ಹುಡುಕಿಕೊಂಡು ಅಲೆಯುತ್ತಿದ್ದ. ಅರ್ಧ ಕುರಿಗಳ ಬೆನ್ನಿಗೆ ಕೆಂಪು ಬಣ್ಣ, ಇನ್ನರ್ಧಕ್ಕೆ ನೀಲಿ ಬಳಿದಿದ್ದರು. ಕೆಂಪಿನವಕ್ಕೆ ಹುರುಳಿ ನುಚ್ಚಿನಲ್ಲಿ ಪುಡಿ ಕಲಸಿ ಕೊಡಬೇಕು, ನೀಲಿಯವಕ್ಕೆ ಬರೀ ನುಚ್ಚು. ಬೇಸಿಗೆ ಮುಗಿಯುವ ಹೊತ್ತಿಗೆ ವ್ಯತ್ಯಾಸ ಗೊತ್ತಾಗಬೇಕು.

ಮೊದಮೊದಲು ಕೆಂಪಿನ ಕುರಿಗಳು ಬಾಂಡ್ಲಿಗೆ ಮೂತಿ ಇಟ್ಟು, ಮುಖ ತಿರುಗಿಸಿ ಹೋಗಿಬಿಡುತ್ತಿದ್ದವು.

"ವಾಸ್ನೆ ಹಿಡಿಸ್ಲಿಲ್ಲ ಮೇಡಂ ಇವಕ್ಕೆ. ಒಂಚೂರು ಬೆಲ್ಲ ಹಾಕಿ ನೋಡಾಣ್ವಾ?" ಎಂದ ಚಿನ್ನಪ್ಪ.

"ಹಾಕ್ರಿ ಅಣ್ಣಾ. ಆದ್ರ ನೀಲಿಯವಕ್ಕೂ ಅಷ್ಟ ಹಾಕ್ರಿ. ಇಲ್ಲಾಂದ್ರ ಬೆಲ್ಲದ್ದೋ ಪುಡೀದೋ ಗೊತ್ತಾಗಂಗಿಲ್ಲ."

ಬೆಲ್ಲ ಬಿದ್ದ ಮೇಲೆ ಬಾಂಡ್ಲಿ ನೆಕ್ಕಿ ತೊಳೆದಿಟ್ಟ ಹಾಗಾಗುತ್ತಿತ್ತು. ದಿನ ಕಳೆದಂತೆ ಮಧ್ಯಾಹ್ನದಲ್ಲಿ ಎರಡು ಗುಂಪಿನ ನಡುವೆ ಏನೋ ಬೇರೆಯಾಗಿ ಕಾಣತೊಡಗಿತು. ಕೆಂಪಿನವು ಹೊಂಗೆ ಮರಗಳ ಕೆಳಗೆ ಮಲಗಿ ನಿಧಾನವಾಗಿ ಮೆಲುಕು ಹಾಕುತ್ತಿದ್ದವು. ನೀಲಿಯವು ಅದೇ ನೆರಳಲ್ಲಿ ತಲೆ ಇಳಿಬಿಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು.

"ಹಿಂಗ ಉಸುರು ಬಿಟ್ರ ಜೊಲ್ಲೆಲ್ಲಾ ಸುರದ್ ಹೋಗ್ತೈತಿ ಅಣ್ಣಾ, ಹೊಟ್ಟಿ ಹುಳಿ ಆಗ್ತೈತಿ. ಸೋಡಾ ಅದನ್ನ ತಡೀತೈತಿ," ಎಂದಳು ಒಂದು ದಿನ.

"ಹಂಗಾರೆ ಇವಕ್ಕೂ ಕೊಡಿ," ಎಂದು ಚಿನ್ನಪ್ಪ ನೀಲಿಯವನ್ನು ತೋರಿಸಿದ.

"ಇನ್ನೊಂದ್ ಸ್ವಲ್ಪ ದಿನ ತಡೀರಿ," ಎಂದಳು. ಹೇಳಿದ ಮೇಲೆ ಅವನ ಮುಖ ನೋಡಲಾಗಲಿಲ್ಲ.

ಮುಂದಿನ ವಾರ ಬಂದಾಗ ಹೊಂಗೆ ಮರಗಳು ಇರಲಿಲ್ಲ. ರಸ್ತೆ ಅಗಲ ಮಾಡಲು ಬುಡಸಮೇತ ತೆಗೆದಿದ್ದರು. ನೆರಳಿದ್ದ ಜಾಗದಲ್ಲಿ ಕೆಂಪು ಮಣ್ಣು ಹಸಿ ಗಾಯದಂತೆ ಬಾಯಿಬಿಟ್ಟಿತ್ತು. ಕುರಿಗಳು ಅಭ್ಯಾಸಬಲದಿಂದ ಅಲ್ಲಿಗೇ ಬಂದು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತಿದ್ದವು. ಅವಳು ನೋಡುತ್ತಿದ್ದಂತೆಯೇ ನೀಲಿ ಬೆನ್ನಿನ ಗಬ್ಬದ ಕುರಿಯೊಂದು ಮುಂಗಾಲು ಮಡಚಿ, ಯಾರೋ ಮೆಲ್ಲಗೆ ಮಲಗಿಸಿದ ಹಾಗೆ ಪಕ್ಕಕ್ಕೆ ಒರಗಿತು.

ಜಯಾ ಓಡಿದಳು. ಕುರಿಗಳಿಗೆಂದು ತಂದಿದ್ದ ಕ್ಯಾನಿನ ನೀರನ್ನು ಅದರ ಕಾಲು, ಹೊಟ್ಟೆಗೆಲ್ಲ ಸುರಿದಳು. ಹೆಲ್ಮೆಟ್ಟಿನಿಂದ ಗಾಳಿ ಬೀಸಿದಳು. ಮೈ ಕಾದ ಕಾವಲಿಯಂತಿತ್ತು.

"ಏನಾಯ್ತಮ್ಮಾ ಅದಕ್ಕೆ?"

ಎದುರಿನ ಅಪಾರ್ಟ್‌ಮೆಂಟಿನ ಮೊದಲ ಮಹಡಿಯಿಂದ ಬಗ್ಗಿ ಕೇಳಿದವರು ಅಲಮೇಲು. ಬ್ಯಾಂಕಿನಿಂದ ನಿವೃತ್ತರಾದವರು, ಆ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ.

"ಬಿಸಿಲು ಬಡದೈತ್ರಿ ಆಂಟಿ! ನೆರಳ ಇಲ್ಲ!"

ಅಲಮೇಲು ಕೊಡೆ ಹಿಡಿದು ಇಳಿದು ಬಂದರು. ಬಿದ್ದ ಕುರಿಯನ್ನೂ, ನಿಂತ ಮಂದೆಯನ್ನೂ ನೋಡಿದರು. "ಕೆಳಗಡೆ ಪಾರ್ಕಿಂಗ್ ಖಾಲಿ ಬಿದ್ದಿದೆ. ಎಲ್ರೂ ಆಫೀಸಿಗೆ ಹೋಗಿದಾರೆ. ಕರ್ಕೊಂಡ್ ಬಾ, ಎಲ್ಲಾನೂ."

"ಯಾರಾದ್ರೂ ಬೈದ್ರ?"

"ಬೈದ್ರೆ ನಂಗೆ ತಾನೇ ಬೈಯೋದು."

ಚಿನ್ನಪ್ಪ ಕುರಿಯನ್ನು ಹೆಗಲ ಮೇಲೆ ಹೊತ್ತ. ಉಳಿದವು ಅವನ ಹಿಂದೆ ಇಳಿಜಾರಿನಲ್ಲಿ ಇಳಿದವು. ಗೊರಸುಗಳ ಸದ್ದು ಗೋಡೆಗೋಡೆಗೂ ತಾಗಿ, ಎಲ್ಲೋ ಮಳೆ ಹನಿಯುತ್ತಿದೆಯೇನೋ ಎಂಬಂತೆ ಕೇಳಿಸಿತು. ಕೆಳಗೆ ಸಿಮೆಂಟ್ ನೆಲ ತಣ್ಣಗಿತ್ತು. ಕಂಬಗಳ ನಡುವೆ, ಬಿಳಿ ಗೆರೆ ಎಳೆದ ಚೌಕಗಳಲ್ಲಿ ಕುರಿಗಳು ಒಂದೊಂದಾಗಿ ಮಲಗಿದವು. ಬಿದ್ದಿದ್ದ ಕುರಿ ಸ್ವಲ್ಪ ಹೊತ್ತಿನಲ್ಲಿ ತಲೆ ಎತ್ತಿತು. ಜಯಾ ಬಕೆಟ್ಟಿನ ನೀರಿಗೆ ಪುಡಿಯನ್ನೂ ಬೆಲ್ಲವನ್ನೂ ಕಲಸಿ ಮುಂದಿಟ್ಟಳು. ಅದು ತಾನಾಗಿಯೇ ಕುಡಿಯಿತು. ಆಮೇಲೆ ಅವಳು ಮಿಕ್ಕ ನೀಲಿಯವಕ್ಕೂ ಬಕೆಟ್ ಹಿಡಿದಳು.

ಕಂಬಕ್ಕೆ ಒರಗಿ ಕೂತವಳಿಗೆ ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ಮೋಡಗಳ ಮಂದೆಯೊಂದು ನಗರದ ಮೇಲೆ ಇಳಿದು ಬಂದು, ಕಾದ ಟೆರೇಸುಗಳ ಮೇಲೆಲ್ಲ ಮೆಲುಕು ಹಾಕುತ್ತಾ ಮಲಗಿದ ಹಾಗೆ ಕನಸು. ಎದ್ದಾಗ ಸುತ್ತಲೂ ಅದೇ ಸದ್ದು, ಹಲ್ಲು ಹಲ್ಲಿಗೆ ಮೆತ್ತಗೆ ತಿಕ್ಕುವ ಸದ್ದು. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಅಲಮೇಲು ತುಟಿಯ ಮೇಲೆ ಬೆರಳಿಟ್ಟು, ಬಿದ್ದಿದ್ದ ನೀಲಿ ಕುರಿಯತ್ತ ಕಣ್ಣು ತೋರಿದರು. ಅದೂ ಮೆಲುಕು ಹಾಕುತ್ತಿತ್ತು.

ಸಂಜೆ ಮೇಲಧಿಕಾರಿ ಭಾರ್ಗವರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ನೀಲಿಯವಕ್ಕೂ ಕೊಟ್ಬಿಟ್ರಾ? ಟ್ರಯಲ್ ಪೂರ್ತಿ ಹಾಳಾಯ್ತಲ್ಲ ಜಯಾ!"

"ಹೌದು ಸಾರ್. ಗೊತ್ತಿದ್ದೇ ಕೊಟ್ಟೆ."

ಭಾರ್ಗವ ದನಿ ತಗ್ಗಿಸಿದರು. "ಕುರಿ ಉಳೀತಾ?"

"ಉಳೀತು ಸಾರ್. ಪುಡಿಯಿಂದ್ಲೋ ತಂಪಿನಿಂದ್ಲೋ, ಅದನ್ನ ಮಾತ್ರ ಹೇಳಕಾಗಲ್ಲ."

"ಹಂಗಾದ್ರೆ ಮುಂದಿನ ಬೇಸಿಗೆಗೆ ಮೊದಲಿಂದ ಶುರು ಮಾಡ್ಬೇಕು," ಎಂದು ಅವರು ನಿಟ್ಟುಸಿರಿಟ್ಟರು. "ಆಗ ಎರಡೂ ಗುಂಪಿಗೆ ಮೊದ್ಲು ನೆರಳು ಮಾಡೋಣ."

ಆ ಬೇಸಿಗೆಯೆಲ್ಲ ಮಂದೆ ಮಧ್ಯಾಹ್ನಕ್ಕೆ ಪಾರ್ಕಿಂಗಿಗೆ ಬಂತು. ಕೆಲವರು ಗೊಣಗಿದರು. ಅಲಮೇಲು ಪೈಪ್ ಹಿಡಿದು ನಿಂತು, ಚಿನ್ನಪ್ಪನಿಂದ ದಿನವೂ ನೆಲ ತೊಳೆಸಿದರು. ಮೇ ತಿಂಗಳ ಒಂದು ಸಂಜೆ, ಮಂದೆ ಹೊರಡುವ ಹೊತ್ತಿಗೆ ಗಬ್ಬದ ನೀಲಿ ಕುರಿ ಏಳಲಿಲ್ಲ. ನೋವು ಶುರುವಾಗಿತ್ತು. ಜಯಾ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ಕೂತಳು. ಆಫೀಸಿನಿಂದ ಬಂದ ಕಾರುಗಳು ಇಳಿಜಾರಿನ ತುದಿಯಲ್ಲಿ ಒಂದರ ಹಿಂದೊಂದು ನಿಂತವು. ಯಾರೂ ಹಾರ್ನ್ ಮಾಡಲಿಲ್ಲ. ಮುಂದಿನ ಕಾರಿನವನು ದೀಪ ಆರಿಸಿದ, ಹಿಂದಿನವರೂ ಆರಿಸಿದರು. ಒಬ್ಬೊಬ್ಬರೇ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಇಳಿದು ಬಂದರು.

ಮರಿ ಹೊರಬಂದಾಗ ತಾಯಿ ಅದನ್ನು ನೆಕ್ಕಿ ನೆಕ್ಕಿ ಒಣಗಿಸಿತು. ಮರಿ ನಡುಗುವ ಕಾಲುಗಳ ಮೇಲೆ ಎದ್ದು, ಬಿದ್ದು, ಮತ್ತೆ ಎದ್ದು ಕೆಚ್ಚಲು ಹುಡುಕಿತು.

"ಹಾಲು ಐತಾ ಮೇಡಂ?" ಎಂದು ಚಿನ್ನಪ್ಪ ಪಿಸುಗುಟ್ಟಿದ.

"ಕೆಚ್ಚಲ ತುಂಬೈತ್ರಿ ಅಣ್ಣಾ," ಎಂದಳು ಜಯಾ.