ಮಾಸಿನ ಗಂಟು

"ಏಯ್ ಮಾದಿ! ಎಲ್ಲಿ ಸತ್ತೆ ಮುಂಡೇದೆ? ಎಮ್ಮೆ ಮಾಸು ಬಿದ್ದೈತೆ. ನಾಯಿ ಬಾಯಿ ಹಾಕಕ್ ಮುಂಚೆ ಎತ್ಕೊಂಡೋಗಿ ಆಲದ ಮರಕ್ಕೆ ಕಟ್ಟು!"

ಪಟೇಲ ಕರಿಬಸವಯ್ಯ ಕೊಟ್ಟಿಗೆಯ ಹೊರಗೆ ನಿಂತು, ಮೂಗಿಗೆ ಶಲ್ಯ ಒತ್ತಿಕೊಂಡು ಕೂಗುತ್ತಿದ್ದ. ಒಳಗೆ ಮಾದಮ್ಮ ಆಗಲೇ ಮೊಣಕೈವರೆಗೆ ಲೋಳೆಯಲ್ಲಿದ್ದಳು. ಕರು ಎಳೆದವಳು ಅವಳು, ಮೈ ಒರೆಸಿ ನಿಲ್ಲಿಸಿದವಳು ಅವಳು. ಕರು ಎದ್ದು ನಿಂತು ಬಾಲ ಅಲ್ಲಾಡಿಸಿದ ಕೂಡಲೇ ಅವಳು ಮತ್ತೆ ಮೈಲಿಗೆಯಾಗಿಬಿಟ್ಟಿದ್ದಳು.

ಜಾವಗಲ್ ಸೀಮೆಯಲ್ಲಿ ಎಮ್ಮೆ ಈದರೆ ಕರುವಿನ ಹಿಂದೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಕೊಂಬೆಗೆ ಕಟ್ಟಬೇಕು. ಆಲ ಹಾಲಿನ ಮರ. ಗಂಟು ಅಲ್ಲಿ ತೂಗುತ್ತಿದ್ದರೆ ಇಲ್ಲಿ ಕೆಚ್ಚಲು ತುಂಬುತ್ತದೆ. ಹಾಲು ಊರಿನವರ ಪಾಲಿಗೆ, ಮಾಸು ಕೇರಿಯವರ ತಲೆಗೆ.

"ಬಿಗಿಯಾಗ್ ಕಟ್ಟು, ಸೋಮವಾರದವರ್ಗೂ ತೂಗಿದ್ರೆ ಸಾಕು. ಅವತ್ತು ಗಂಡಸಿ ಊರಿಂದ ಗರಗಸದೋರು ಬತ್ತಾರೆ, ತೋಪು ಪೂರಾ ಕಡಿಸ್ತೀನಿ."

"ಆಲದ ಮರಾನೂವಾ ಬುದ್ಧಿ?"

"ಬೇರು ಸಮೇತ! ವನಮಹೋತ್ಸವ ಕಣೇ. ಹಳೇ ಮರ ಕಡಿದ್ರೆ ತಾನೇ ಹೊಸ ಗಿಡ ನೆಡಕ್ಕೆ ಜಾಗ? ಶೇಕ್ದಾರ್ರೇ ಹುಕುಂ ಕೊಟ್ಟವ್ರೆ."

ಕಂದಾಯದ ಸಾಹೇಬ ಶೇಕ್ದಾರ ಪಾರ್ಥಸಾರಥಿ ಹೋದ ವರ್ಷವೂ ಬಂದು ಒಂದು ಗಿಡ ನೆಟ್ಟು ಭಾಷಣ ಬಿಗಿದಿದ್ದ. ಭಾಷಣ ಮುಗಿಯುವುದರೊಳಗೆ ಕೇರಿಯ ಚಿಕ್ಕಣ್ಣನ ಮೇಕೆ ಗಿಡವನ್ನು ಮುಗಿಸಿತ್ತು. ಈ ಸಲದ ಮರವೆಲ್ಲ ಪಟೇಲನ ಹೊಸ ಮಾಳಿಗೆಗೆ ಹೋಗುತ್ತದೆಂದು ಕೇರಿಯ ಕೋಳಿಗಳಿಗೂ ಗೊತ್ತಿತ್ತು.

ಮಾದಮ್ಮ ಗಂಟು ಹೊತ್ತು ತೋಪಿಗೆ ಬಂದಳು. ಆಲದ ಬುಡದಲ್ಲಿ ಒಂದು ಚಿಲುಮೆಯಿತ್ತು. ಕೇರಿಗೆ ಅದೊಂದೇ ನೀರು, ಆ ನೀರಿಗೆ ಆ ನೆರಳೊಂದೇ ಗತಿ. ಹೋದ ಬೇಸಿಗೆಯಲ್ಲಿ ಚಿಲುಮೆ ಹೂತುಹೋದಾಗ ಅವಳು ಊರಬಾವಿಯಿಂದ ದೂರ ನಿಂತು ಬೊಗಸೆಯೊಡ್ಡಿದ್ದಳು. ಪಟೇಲನ ಹೆಂಡತಿ ರುದ್ರಮ್ಮ ಬಿಂದಿಗೆಯನ್ನು ಎದೆಯೆತ್ತರಕ್ಕೆ ಹಿಡಿದು, "ಇನ್ನೂ ಬಗ್ಗೇ, ಸಿಡೀತದೆ" ಎನ್ನುತ್ತ ಸುರಿದಿದ್ದಳು. ಅವತ್ತು ಬಗ್ಗಿದ ಸೊಂಟ ಇವತ್ತಿಗೂ ಚಳುಕು ಹೊಡೆಯುತ್ತಿತ್ತು.

ಗಂಟನ್ನು ಬೇರಿನ ಮೇಲಿಟ್ಟು ಮಾದಮ್ಮ ಸುದ್ದಿ ಹೇಳಿದ್ದೇ ಕೇರಿ ಆಲದಡಿ ನೆರೆಯಿತು. ತೋಪು ಉಳಿಸಲು ಒಂದು ಸಂಘ ಆಗಲಿ ಎಂದು ಎಲ್ಲರೂ ಒಪ್ಪಿದರು. ಅಧ್ಯಕ್ಷ ಯಾರು ಅನ್ನುವಲ್ಲಿಗೆ ಜಗಳ ಹತ್ತಿತು.

"ನಾನೇ ಅಧ್ಯಕ್ಷ," ಎಂದ ಮಾದಮ್ಮನ ಗಂಡ ಲಕ್ಕಪ್ಪ.

"ನೀನ್ಯಾಕ್ಲಾ?" ಎಂದ ಚಿಕ್ಕಣ್ಣ. "ನಿನ್ ಹೆಂಡ್ರು ಮುಂದೆ ಬಾಯಿ ಬಿಡಲ್ಲ ನೀನು. ನನ್ ಮೇಕೆ ನೋಡು, ಸರ್ಕಾರದ್ ಗಿಡಾನೇ ಕಿತ್ ತಿಂದೈತೆ. ಅದಾಗ್ಲಿ ಅಧ್ಯಕ್ಷ!"

ಕೈಯೆತ್ತಿಸಿ ನೋಡಿದರೆ ಮೇಕೆಯೇ ಗೆದ್ದಿತು. ಲಕ್ಕಪ್ಪ ಮುಖ ಊದಿಸಿಕೊಂಡು ಅತ್ತ ತಿರುಗಿದವನು ಕಿರುಚಿದ, "ಲೇ ಮಾದಿ, ಗಂಟು!"

ನಾಯಿ ತುಟಿ ನೆಕ್ಕುತ್ತ ಕೂತಿತ್ತು. ಮುಂದೆ ಬರೀ ಹುಲ್ಲು.

ಮಾದಮ್ಮನ ಜೀವ ಹಾರಿಹೋಯಿತು. ಪಟೇಲ ಚರ್ಮ ಸುಲಿಯುತ್ತಾನೆ. ಅತ್ತಿತ್ತ ನೋಡಿದಳು. ಗಂಡನ ಕಾಲಿಂದ ಒಂದು ಹರಕು ಎಕ್ಕಡ ಕಿತ್ತುಕೊಂಡು ಅದೇ ಹುಲ್ಲಿನಲ್ಲಿ ಸುತ್ತಿ ಬಿಗಿದಳು.

"ನನ್ ಎಕ್ಕಡ ಕಣಮ್ಮಿ ಅದು!"

"ಈಗಿದು ಪಟೇಲನ ಎಮ್ಮೆ ಮಾಸು. ಸುಮ್ಕಿರು."

ಕೊಂಬೆಗೆ ಕಟ್ಟಿ ಕೆಳಗಿಳಿದು ನೋಡಿದಳು. ಅಲ್ಲಿ ತೂಗುತ್ತಿದ್ದ ಹತ್ತಾರು ಗಂಟುಗಳ ನಡುವೆ ಯಾವುದು ಮಾಸು, ಯಾವುದು ಎಕ್ಕಡ ಅಂತ ಅವಳಿಗೇ ತಿಳಿಯಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಯಾರ್ಲಾ ಬಿಚ್ಚಿ ನೋಡೋರು? ಆಲದಲ್ಲಿ ಜಾಗ ಸಾಲ್ದೆ ಹೊಂಗೆಗ್ ಕಟ್ಟುದ್ವಿ, ಹಿಪ್ಪೆಗ್ ಕಟ್ಟುದ್ವಿ ಅಂದ್ರೆ ಯಾರ್ ಬ್ಯಾಡ ಅಂತಾರೆ? ಹುಲ್ ತನ್ರೋ!"

ಸೋಮವಾರದ ಹೊತ್ತಿಗೆ ತೋಪಿನಲ್ಲಿ ಗಂಟಿಲ್ಲದ ಮರವಿರಲಿಲ್ಲ. ಕೊಳೆತ ಸೋರೆಕಾಯಿ, ಸತ್ತ ಹೆಗ್ಗಣ, ಲಕ್ಕಪ್ಪನ ಇನ್ನೊಂದು ಎಕ್ಕಡ, ಎಲ್ಲವೂ ಮಾಸಾಗಿ ತೂಗುತ್ತಿದ್ದವು. ನೊಣಗಳ ಸದ್ದು ಕೆರೆ ಏರಿಯವರೆಗೂ ಕೇಳಿಸುತ್ತಿತ್ತು.

ಗಂಡಸಿಯ ಗರಗಸದವರು ಕೊಡಲಿ ಎತ್ತಿದವರು ಮೇಲೆ ನೋಡಿ ಹಾಗೇ ಇಳಿಸಿದರು. "ಮಾಸಿನ್ ಮರ ಕಡಿದ್ರೆ ನಮ್ಮನೆ ಹಸ ಬತ್ತೋಯ್ತವೆ. ನಮ್ಗ್ ಬ್ಯಾಡ ಸ್ವಾಮಿ."

"ಬಿಚ್ರೋ ಗಂಟ, ಬೋಳಿಮಕ್ಳ!" ಎಂದು ಪಟೇಲ ಕೇರಿಯವರ ಮೇಲೆ ಹಾರಿದ.

ಮಾದಮ್ಮ ಕೈ ಮುಗಿದಳು. "ಕಟ್ಟು ಅಂದ್ರಿ, ಕಟ್ಟುದ್ವಿ. ಬಿಚ್ಚೋದ್ ನಮ್ ತಾತನ್ ಕಾಲದಿಂದ್ಲೂ ಗೊತ್ತಿಲ್ಲ ಬುದ್ಧಿ. ನೀವೇ ಹತ್ತಿ."

ಪಟೇಲ ಕಚ್ಚೆ ಎತ್ತಿ ಕಟ್ಟುವಷ್ಟರಲ್ಲಿ ರುದ್ರಮ್ಮ ಓಡುತ್ತ ಬಂದಳು. ಹಿಂದೆ ಊರಿನ ಹೆಂಗಸರೆಲ್ಲ.

"ಮುಟ್ಟಿದ್ರೆ ನೋಡಿ! ಎಮ್ಮೆ ಬತ್ತೋದ್ರೆ ಬೆಳಿಗ್ಗೆ ಕಾಫಿಗೆ ನೀವೇ ಕರೀತೀರಾ ಹಾಲ? ಏ ಮಾದಿ, ನಮ್ದ್ಯಾವ್ದೇ?"

ಮಾದಮ್ಮ ತೋರಿಸಿದಳು. ಹುಲ್ಲಿನಿಂದ ಎಕ್ಕಡದ ಬಾರು ಅಷ್ಟುದ್ದ ಇಣುಕುತ್ತಿತ್ತು. ರುದ್ರಮ್ಮ ಅದಕ್ಕೆ ಭಕ್ತಿಯಿಂದ ಕೈ ಮುಗಿದು, ಗಂಡನ ಬೆನ್ನಿಗೆ ತಿವಿದಳು. "ತಪ್ಪಾಯ್ತು ಅನ್ನಿ!"

ಪಟೇಲ ಲಕ್ಕಪ್ಪನ ಎಕ್ಕಡಕ್ಕೆ ಕೈ ಮುಗಿದು "ತಪ್ಪಾಯ್ತು" ಎಂದ. ಲಕ್ಕಪ್ಪ ಬರಿಗಾಲಲ್ಲಿ ನಿಂತು ಕೆಮ್ಮು ಬಂದವನಂತೆ ಬಾಯಿ ಮುಚ್ಚಿಕೊಂಡ.

"ಏನ್ರೀ ಇದು ಮೂಢನಂಬಿಕೆ!" ಹುಕುಂ ಕಾಗದ ಹಿಡಿದು ಮರದಡಿ ನಿಂತಿದ್ದ ಶೇಕ್ದಾರ ಪಾರ್ಥಸಾರಥಿಗೆ ತಡೆಯಲಾಗಲಿಲ್ಲ. "ಸರ್ಕಾರಿ ಕೆಲಸಕ್ಕೆ ಹುಲ್ಲಿನ ಗಂಟು ಅಡ್ಡವೇ? ನೋಡಿ!" ಅಂದವನೇ ಕೊಡೆಯ ಮೊನೆಯಿಂದ ತಲೆಯ ಮೇಲಿದ್ದ ಗಂಟಿಗೆ ಚುಚ್ಚಿದ.

ಅದು ಅಸಲಿ ಮಾಸು. ಚೆನ್ನಾಗಿ ಹಣ್ಣಾಗಿತ್ತು.

ಟೋಪಿಯಿಂದ ಕನ್ನಡಕಕ್ಕೆ, ಕನ್ನಡಕದಿಂದ ಕೋಟಿಗೆ ಇಳಿಯಿತು. ಗಂಡಸಿಯವರು ಗಾಡಿ ಹತ್ತಿ ಓಡಿದರು. ಶೇಕ್ದಾರನ ಕೈಯಿಂದ ಬಿದ್ದ ಹುಕುಂ ಕಾಗದವನ್ನು ಅಧ್ಯಕ್ಷ ನಿಧಾನವಾಗಿ ಮೆಲ್ಲತೊಡಗಿತು.

"ನೀರು! ಕಣ್ಣುರಿ! ಯಾರಾದ್ರೂ ನೀರು ಕೊಡ್ರೋ!"

ಊರಬಾವಿ ಕೆರೆಯಾಚೆಗಿತ್ತು. ಮಾದಮ್ಮ ಸೋರೆಬುರುಡೆಯಲ್ಲಿ ಚಿಲುಮೆಯ ನೀರು ಮೊಗೆದು ಆಲದ ಎತ್ತರದ ಬೇರಿನ ಮೇಲೆ ಹತ್ತಿ ನಿಂತಳು.

"ದೂರ ನಿಂತ್ಕಳಿ ಸ್ವಾಮಿ. ಬೊಗಸೆ ಹಿಡೀರಿ."

ಶೇಕ್ದಾರ ಬೊಗಸೆ ಹಿಡಿದ. ರುದ್ರಮ್ಮ "ಅಯ್ಯೋ ಶಿವನೇ!" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪಟೇಲ ಹಲ್ಲು ಕಡಿದ. "ಮಾದೀ, ನಾಳೆ ಕೊಟ್ಟಿಗೆಗ್ ಬಾ. ಐತೆ ನಿಂಗೆ."

"ಬರಾಕಿಲ್ಲ ಬುದ್ಧಿ. ನಿಮ್ ಕೆಂದ ಹಸ ಇವತ್ತೋ ನಾಳೆಯೋ ಈಯ್ತದೆ. ಕರು ನೀವೇ ಎಳ್ಕಳಿ."

ಅಂದವಳು ಬುರುಡೆಯನ್ನು ಎದೆಯೆತ್ತರಕ್ಕೆ ಎತ್ತಿ, ಕೆಳಗೆ ಚಾಚಿದ ಬೊಗಸೆಯನ್ನು ನೋಡಿದಳು. ನೀರು ಇನ್ನೂ ಸುರಿಯಲಿಲ್ಲ.

"ಇನ್ನೂ ಬಗ್ಗಿ ಸ್ವಾಮಿ. ಸಿಡೀತದೆ."